ನನ್ನ ಗಾಡಿಗೆ ಮುಯ್ಯಿ

ವೀಲ್‌ಚೇರ್ ಸಮೇತ ಹತ್ತುವ ಗಾಡಿಗೆ ನಾನು ಹಣ ಕೂಡಿಸುತ್ತಿದ್ದೇನೆ. ಅದರ ಸಲುವಾಗಿ ಹೋದ ವಾರ ಒಬ್ಬರು ಫೋನ್ ಮಾಡಿದ್ದರು. ಆನ್‌ಲೈನ್‌ನಲ್ಲಿ ಜನರಿಂದ ಹಣ ಕೂಡಿಸಿ ಕೊಡುವುದು ಅವರ ಕೆಲಸ. ಎಲ್ಲ ಕೇಳಿಕೊಂಡು ಕೊನೆಗೆ, "ಮೇಡಂ, ನೀವು ನಗ್ತಾ ಇರೋ ಫೋಟೋ ಬೇಡ. ಹಾಸಿಗೆ ಮೇಲೆ ಮಲಗಿರೋದು ಕಳಿಸಿ. ಪಕ್ಕದಲ್ಲಿ ನಿಮ್ಮ ತಾಯಿ ಅಳ್ತಾ ಕೂತಿದ್ರೆ ಜನ ಬೇಗ ಕೊಡ್ತಾರೆ" ಅಂದರು. ಅವರು ಕೆಟ್ಟವರಲ್ಲ. ತಾವು ಕಂಡಿದ್ದನ್ನು ಹೇಳಿದರು. ಆದರೂ ನಾನು ಆಗಲ್ಲ ಎಂದೆ. ಯಾಕೆ ಆಗಲ್ಲ ಅಂತ ಇವತ್ತು ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯ ನವನಗರದಲ್ಲಿರುವವಳು. ಹನ್ನೊಂದು ವರ್ಷದ ಹಿಂದೆ ನಮ್ಮ ಹಳ್ಳಿಯ ಮನೆಯಲ್ಲಿ ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದವಳು ಕೆಳಗೆ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಬಲವಿಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಈಗ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ. ಮದುವೆ ಸೀಸನ್‌ನಲ್ಲಿ ದಿನಕ್ಕೆ ಏಳೆಂಟು ಲಗ್ನಪತ್ರಿಕೆ ಕಂಪೋಸ್ ಮಾಡುತ್ತೇನೆ. "ನಿಮ್ಮ ಆಶೀರ್ವಾದವೇ ಉಡುಗೊರೆ" ಅಂತ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಆ ಮದುವೆಗಳಲ್ಲಿ ನಾನು ಹೋಗಿ ಉಂಡು ಬಂದಿದ್ದು ಮೂರೋ ನಾಲ್ಕೋ.

ನವನಗರದೊಳಗೆ ನನಗೆ ತೊಂದರೆ ಕಡಿಮೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಮುಳುಗುತ್ತದೆ ಅಂತ ಕಟ್ಟಿದ ಹೊಸ ಊರಲ್ವಾ, ಸೆಕ್ಟರ್ ರಸ್ತೆಗಳು ಅಗಲ ಇವೆ. ವೀಲ್‌ಚೇರ್ ಓಡುತ್ತದೆ. ಕಷ್ಟವೆಲ್ಲ ಊರು ದಾಟುವಾಗ.

ಕಾರು ಹತ್ತುವುದು ಅಂದರೆ ಏನು ಅಂತ ಹೇಳುತ್ತೇನೆ. ಒಬ್ಬರು ಹಿಂದಿನಿಂದ ಕಂಕುಳಲ್ಲಿ ಕೈ ಹಾಕುತ್ತಾರೆ. ಇನ್ನೊಬ್ಬರು ಮೊಣಕಾಲ ಕೆಳಗೆ ಹಿಡಿಯುತ್ತಾರೆ. ಒಂದು, ಎರಡು, ಮೂರು ಅಂತ ಎತ್ತುತ್ತಾರೆ. ತಮ್ಮ ಮನೆಯಲ್ಲಿದ್ದರೆ ಸರಿ. ಇಲ್ಲದಿದ್ದರೆ ಬಾಡಿಗೆ ಕಾರಿನ ಡ್ರೈವರ್, ಪಾನ್ ಅಂಗಡಿಯ ಮುಂದೆ ನಿಂತವರು, ಯಾರು ಸಿಗುತ್ತಾರೋ ಅವರು. ಸೀರೆ ಉಟ್ಟಿದ್ದರೆ ಸೆರಗು ಒಂದು ಕಡೆ, ನಿರಿಗೆ ಒಂದು ಕಡೆ. ಹೊರಗೆ ಹೋಗುವಾಗ ಸೀರೆ ಉಡುವುದನ್ನೇ ಬಿಟ್ಟುಬಿಟ್ಟೆ. ಎತ್ತುವವರು ಒಳ್ಳೇ ಮನಸ್ಸಿನಿಂದಲೇ ಎತ್ತುತ್ತಾರೆ. ಆದರೆ ನನ್ನ ಮೈ ಯಾರು ಮುಟ್ಟಬೇಕು ಅನ್ನುವುದು ನನ್ನ ಇಷ್ಟವಾಗಿರಬೇಕು. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಚೆಕಪ್‌ಗೆ ಹುಬ್ಬಳ್ಳಿಗೆ ಹೊರಟಿದ್ದೆ. ಕಾರಿನೊಳಗೆ ಕೂರಿಸುವಾಗ ಸೀಟ್ ಬೆಲ್ಟಿನ ಬಕಲ್ ನನ್ನ ತೊಡೆಯ ಕೆಳಗೆ ಸಿಕ್ಕಿಕೊಂಡಿತು. ನೋವು ಗೊತ್ತಾಗದವಳಿಗೆ ಅದು ಹೇಗೆ ತಿಳಿಯಬೇಕು? ಹುಬ್ಬಳ್ಳಿ ಮುಟ್ಟುವ ತನಕ ಅದರ ಮೇಲೆಯೇ ಕೂತಿದ್ದೆ. ರಾತ್ರಿ ಬಟ್ಟೆ ಬದಲಿಸುವಾಗ ಅವ್ವ ನೋಡಿ ಚೀರಿದಳು. ಒಂದೇ ಕಡೆ ಒತ್ತಡ ಬಿದ್ದರೆ ಅಲ್ಲಿ ರಕ್ತ ಹರಿಯುವುದಿಲ್ಲ, ಚರ್ಮ ಸಾಯುತ್ತದೆ. ರೂಪಾಯಿ ಬಿಲ್ಲೆಯಷ್ಟಿದ್ದ ಕೆಂಪು ಕಲೆ ವಾರದೊಳಗೆ ಹುಣ್ಣಾಯಿತು. ಮಾಯಲು ನಾಲ್ಕು ತಿಂಗಳು ಬೇಕಾಯಿತು. ನಾಲ್ಕು ತಿಂಗಳೂ ಬೋರಲು ಮಲಗಿದ್ದೆ. ಆ ವರ್ಷದ ಮದುವೆ ಸೀಸನ್ ಪೂರ್ತಿ ಅಂಗಡಿ ಬಂದ್.

ಅವತ್ತೇ ಅಂದುಕೊಂಡೆ, ಇನ್ನು ಎತ್ತಿಸಿಕೊಳ್ಳುವುದು ಸಾಕು. ಕುರ್ಚಿ ಸಮೇತ ಒಳಗೆ ಹೋಗುವ ಗಾಡಿ ಬೇಕು.

ಮಾರುತಿ ಈಕೋದಂಥ ವ್ಯಾನಿನಲ್ಲಿ ಹಿಂದಿನ ಸೀಟು ತೆಗೆದು ರ‍್ಯಾಂಪ್ ಕೂರಿಸುತ್ತಾರೆ. ಒಳಗೆ ಕುರ್ಚಿಯನ್ನು ನಾಲ್ಕೂ ಮೂಲೆಗೆ ಬೆಲ್ಟ್ ಹಾಕಿ ನೆಲಕ್ಕೆ ಬಿಗಿಯುತ್ತಾರೆ. ನನಗೆ ಬೇರೆ ಸೀಟ್ ಬೆಲ್ಟ್. ಕೇಳಲು ಸುಲಭ, ಮಾಡುವುದು ಕಷ್ಟ. ಕಟ್ಟಡದ ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಅನ್ನುತ್ತಾರೆ. ಆ ಲೆಕ್ಕದಲ್ಲಿ ಎರಡು ಅಡಿ ಎತ್ತರದ ಗಾಡಿಗೆ ಇಪ್ಪತ್ನಾಲ್ಕು ಅಡಿ ರ‍್ಯಾಂಪ್ ಬೇಕಾಯಿತು! ಅದಕ್ಕೇ ಗಾಡಿಯ ನೆಲ ಕತ್ತರಿಸಿ ತಗ್ಗಿಸಬೇಕು, ಇಲ್ಲವೇ ಕಡಿದಾದ ರ‍್ಯಾಂಪ್ ಹಾಕಿ ಹಿಂದಿನಿಂದ ತಳ್ಳಬೇಕು. ಮಾಡಿಸಿದ ಬದಲಾವಣೆಯನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ನನಗೆ ಬಂದ ಕೊಟೇಷನ್ ಎಲ್ಲ ಸೇರಿ 8 ಲಕ್ಷ 70 ಸಾವಿರ. ನನ್ನ ಉಳಿತಾಯ 2 ಲಕ್ಷ 40 ಸಾವಿರ ಇದೆ. ಸಾಲ 3 ಲಕ್ಷ ಸಿಗುತ್ತದೆ. ಉಳಿದ 3 ಲಕ್ಷ 30 ಸಾವಿರವನ್ನು ನಿಮ್ಮ ಹತ್ತಿರ ಕೇಳುತ್ತಿದ್ದೇನೆ.

"ಸರಕಾರದ ಸ್ಕೂಟರ್ ತಗೋಬಹುದಲ್ಲ" ಅಂತ ಬಹಳ ಜನ ಕೇಳಿದ್ದಾರೆ. ಎರಡು ಗಾಲಿ ಹೆಚ್ಚಿಗೆ ಹಾಕಿದ ಸ್ಕೂಟರ್ ಕೊಡುವ ಯೋಜನೆ ಒಳ್ಳೆಯದು. ಪೋಲಿಯೋ ಆದ ನನ್ನ ಗೆಳತಿ ಅದರ ಮೇಲೆಯೇ ದಿನಾ ಕೆಲಸಕ್ಕೆ ಹೋಗುತ್ತಾಳೆ. ಆದರೆ ಅದರ ಮೇಲೂ ನನ್ನನ್ನು ಎತ್ತಿಯೇ ಕೂರಿಸಬೇಕು, ಕುರ್ಚಿ ಮನೆಯಲ್ಲೇ ಉಳಿಯುತ್ತದೆ. 2025ರ ಡಿಸೆಂಬರ್‌ನಲ್ಲಿ ಮಾರುತಿಯವರು ವ್ಯಾಗನ್ಆರ್‌ಗೆ ಹೊರಗೆ ತಿರುಗುವ ಸೀಟು ತಂದರು. ಮಂಡಿ ನೋವಿನ ಹಿರಿಯರಿಗೆ ಅದು ಚಲೋ. ನನಗೆ ಅಲ್ಲೂ ಕುರ್ಚಿಯಿಂದ ಸೀಟಿಗೆ ಎತ್ತುವ ಕೈ ಬೇಕೇ ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ಓದಿ ನೋಡಿ. ನಮ್ಮ ಓಡಾಟಕ್ಕೆ ಕೈಗೆಟುಕುವ ಖರ್ಚಿನಲ್ಲಿ ಅನುಕೂಲವಾಗಲು ಸರಕಾರ ಯೋಜನೆ ಮಾಡಬೇಕು ಅಂತ ಅದರಲ್ಲಿದೆ. ರಿಯಾಯಿತಿ ಅಂತಿದೆ, ವಾಹನ ಮಾರ್ಪಾಡು ಅಂತಲೂ ಇದೆ. ನನ್ನ ಕುರ್ಚಿಗೆ ಜಿಎಸ್‌ಟಿ 5 ಪರ್ಸೆಂಟ್. ಆ ಕುರ್ಚಿ ಹೊರುವ ಗಾಡಿಗೆ 18. ಮೊದಲು ಸಣ್ಣ ಕಾರಿಗೆ 28 ಇದ್ದಾಗ ಸರ್ಟಿಫಿಕೇಟ್ ತಂದ ಅಂಗವಿಕಲರಿಗೆ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲರಿಗೂ 18 ಆಯಿತು. ಎಲ್ಲರಿಗೂ ಅಗ್ಗವಾಗಿದ್ದು ಖುಷಿಯೇ. ಆದರೆ ನಮಗೆ ಮಾತ್ರ ಬೀಳುವ ಖರ್ಚು ಹಾಗೇ ಇದೆಯಲ್ಲ, ನಮ್ಮ ದರವೂ ಇಳಿಯಬೇಕಿತ್ತು.

ಇನ್ನು ಫೋಟೋ ಮಾತು. ನಮ್ಮ ಕಡೆ ಹಣ ಕೂಡಿಸುವುದು ಯಾವತ್ತೂ ನಾಚಿಕೆಯ ಕೆಲಸ ಆಗಿಲ್ಲ. ಗಣಪತಿಗೆ ಪಟ್ಟಿ ಕೇಳುತ್ತಾರೆ, ಜಾತ್ರೆಗೆ ಕೇಳುತ್ತಾರೆ. ಮದುವೆಯಲ್ಲಂತೂ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಹೆಸರು ಸಮೇತ ಬರೆಯುತ್ತಾರೆ. ನಾಳೆ ಅವರ ಮನೆಯ ಮದುವೆಯಲ್ಲಿ ತಿರುಗಿ ಮಾಡಬೇಕಲ್ವಾ? ಮುಯ್ಯಿ ಮಾಡುವವರು ಮದುಮಗಳ ಕಡೆ ನೋಡಿ ಪಾಪ ಅನ್ನುವುದಿಲ್ಲ. ಅಳುವ ಫೋಟೋ ಕೇಳುವುದಿಲ್ಲ. ಒಂದು ಹೊಸ ಬದುಕು ಶುರುವಾಗಲಿ ಅಂತ ಕೊಡುತ್ತಾರೆ. ನನ್ನ ಗಾಡಿಗೂ ಹಾಗೇ ಕೊಡಿ ಅಂತ ಕೇಳುತ್ತಿದ್ದೇನೆ. ನಾನೂ ತಿರುಗಿ ಮಾಡುತ್ತೇನೆ. ಹಿಂದೆ ಕುರ್ಚಿ ನಿಲ್ಲುವ ಗಾಡಿ ನಮ್ಮ ಓಣಿಯಲ್ಲಿ ಒಂದಿದ್ದರೆ, ಕಾಲು ಮುರಿದ ಅಜ್ಜಿಗೆ, ಪಾರ್ಶ್ವವಾಯು ಆದ ಕಾಕಾಗೆ ಆಸ್ಪತ್ರೆಗೆ ಹೋಗಲು ಅದೇ ಆಗುತ್ತದೆ. ಡೀಸೆಲ್ಲೋ ಪೆಟ್ರೋಲೋ ಹಾಕಿಸಿದರೆ ಸಾಕು, ತಮ್ಮ ಓಡಿಸುತ್ತಾನೆ.

ಆದರೆ ತೆರಿಗೆ ಕಾನೂನು ಬೇರೆ ಮಾತು ಹೇಳುತ್ತದೆ. ಮದುವೆಗೆ ಬಂದ ಮುಯ್ಯಿ ಎಷ್ಟಿದ್ದರೂ ಮದುಮಕ್ಕಳಿಗೆ ತೆರಿಗೆ ಇಲ್ಲ. ನನ್ನ ಗಾಡಿಗೆ ಸಂಬಂಧಿಕರಲ್ಲದವರು ಕೊಟ್ಟಿದ್ದು ವರ್ಷಕ್ಕೆ 50,000 ದಾಟಿದರೆ ಅದು ಆದಾಯದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪೈಸೆ ಪೈಸೆಗೂ ಲೆಕ್ಕ ಇಡುತ್ತಿದ್ದೇನೆ. ಇನ್ನೊಂದು ಮಾತು, ನೇರವಾಗಿ ನನಗೆ ಕೊಟ್ಟರೆ, ಸಂಸ್ಥೆಗೆ ದಾನ ಕೊಟ್ಟಾಗ ಸಿಗುವಂಥ ತೆರಿಗೆ ವಿನಾಯಿತಿ ನಿಮಗೆ ಸಿಗುವುದಿಲ್ಲ. ಅದನ್ನು ಮೊದಲೇ ಹೇಳುವುದು ನನ್ನ ಕರ್ತವ್ಯ.

ಕೆಂಪು ರಟ್ಟಿನ ನೋಟ್‌ಬುಕ್ ತಂದಿದ್ದೇನೆ. ಮೊದಲ ಹೆಸರು ಅಂಗಡಿ ಎದುರಿನ ಚಹಾದವರದು, 101 ರೂಪಾಯಿ. ಎರಡನೆಯದು ಹೋದ ವರ್ಷ ಲಗ್ನಪತ್ರಿಕೆ ಮಾಡಿಸಿದ ಹುಡುಗಿ, 1,001. ಫೋಟೋ ನೋಡುತ್ತಿದ್ದೀರಲ್ಲ, ಕಂಪ್ಯೂಟರ್ ಮುಂದೆ ನಗುತ್ತಾ ಕೂತಿದ್ದೇನೆ. ಅದೇ ಇರುತ್ತದೆ.

ನಿನ್ನೆ ಬೆಳಿಗ್ಗೆ ಅವ್ವ ಟ್ರಂಕಿನಿಂದ ನನ್ನ ಇಳಕಲ್ ಸೀರೆ ತೆಗೆದು ಅಂಗಳದ ಹಗ್ಗದ ಮೇಲೆ ಹಾಕಿದ್ದಳು. "ಯವ್ವಾ, ಇನ್ನೂ ಅರ್ಧ ರೊಕ್ಕಾನೂ ಕೂಡಿಲ್ಲ" ಅಂದೆ.

"ಸೀರಿ ಬಿಸಲಿಗೆ ಹಾಕಾಕ ರೊಕ್ಕ ಬೇಕೇನ?" ಅಂದಳು.