ಖಜಾನೆ ತುಂಬಬೇಕು ಅಂದದ್ದು ಸಿಸೆರೋ ಅಲ್ಲ

‘ಬಜೆಟ್ ಸರಿದೂಗಬೇಕು, ಖಜಾನೆ ತುಂಬಬೇಕು, ಸಾಲ ಇಳಿಯಬೇಕು, ಅಧಿಕಾರಿಗಳ ಸೊಕ್ಕು ಅಡಗಬೇಕು’ ಎಂದು ಕ್ರಿ.ಪೂ. 55ರಲ್ಲೇ ರೋಮ್‌ನ ರಾಜಕಾರಣಿ, ಮಾತುಗಾರ ಸಿಸೆರೋ ಹೇಳಿದ್ದ ಅನ್ನೋ ಸಂದೇಶ ಹರಿದಾಡುತ್ತಿದೆ. ಇದು ಅವನ ಮಾತಲ್ಲ. ಉಳಿದುಬಂದಿರುವ ಅವನ ಭಾಷಣ, ಪತ್ರ, ಗ್ರಂಥ ಯಾವುದರಲ್ಲೂ ಈ ಸಾಲುಗಳಿಲ್ಲ. ಟೇಲರ್ ಕಾಲ್ಡ್‌ವೆಲ್ 1965ರಲ್ಲಿ ಪ್ರಕಟಿಸಿದ ‘ಎ ಪಿಲ್ಲರ್ ಆಫ್ ಐರನ್’ ಕಾದಂಬರಿಯಿಂದ ಇದು ಹಬ್ಬಿತು.

ಅವನ ನಿಜವಾದ ಮಾತು ಇದಕ್ಕಿಂತ ಎಷ್ಟೋ ಜಾಸ್ತಿ ಹರಿತ. ರೋಮ್‌ನ ಸರ್ವಾಧಿಕಾರಿ ಸೀಸರ್ ಕೊಲೆಯಾದ ಮೇಲೆ, ಕ್ರಿ.ಪೂ. 44-43ರಲ್ಲಿ, ಸೀಸರ್‌ನ ಆಪ್ತ ಸೇನಾನಿ ಮಾರ್ಕ್ ಆಂಟನಿಯ ವಿರುದ್ಧ 14 ‘ಫಿಲಿಪ್ಪಿಕ್’ ಭಾಷಣಗಳನ್ನು ರಚಿಸಿದ. ಎರಡನೆಯದನ್ನು ಸೆನೆಟ್‌ನಲ್ಲಿ ಮಾಡಲೇ ಇಲ್ಲ. ಬರಹದಲ್ಲೇ ಆಂಟನಿಯ ಕುಡಿತ, ದುರಾಸೆ, ಅಧಿಕಾರದ ದುರುಪಯೋಗವನ್ನೆಲ್ಲ ಬಿಡಿಸಿಟ್ಟ. ಅದಕ್ಕೆ ಪ್ರಾಣವನ್ನೇ ತೆತ್ತ. ಹಂಚಿಕೊಳ್ಳುವುದಿದ್ದರೆ ಆ ಭಾಷಣದ ಸಾಲುಗಳನ್ನು ಹಂಚಿಕೊಳ್ಳಿ.