ಅಗ್ಗದ ಒಪ್ಪಂದ ಅಂದರೆ ಜಿಪುಣತನ ಅಲ್ಲ

ಅಮೆರಿಕನ್ ಫುಟ್‌ಬಾಲ್ ತಂಡ ಫಿಲಡೆಲ್ಫಿಯಾ ಈಗಲ್ಸ್‌ಗೆ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ದೊಡ್ಡ ಆಟಗಾರರನ್ನು ಬಿಟ್ಟು ಅಗ್ಗದವರನ್ನು ಹುಡುಕುತ್ತಾರೆ, ಇದು ಜಿಪುಣತನ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2024ರಲ್ಲಿ ಈಗಲ್ಸ್‌ಗೆ ಬಂದ ಝ್ಯಾಕ್ ಬಾನ್ ಅವರನ್ನೇ ನೋಡಿ. ಒಂದು ವರ್ಷಕ್ಕೆ 35 ಲಕ್ಷ ಡಾಲರ್, ಅಷ್ಟೇ. ಹಿಂದಿನ ತಂಡ ಸೇಂಟ್ಸ್‌ನಲ್ಲಿ ಜಾಸ್ತಿ ಸ್ಪೆಷಲ್ ಟೀಮ್ಸ್‌ನಲ್ಲೇ (ಕಿಕ್, ಪಂಟ್ ಸಮಯದಲ್ಲಿ ಮಾತ್ರ ಇಳಿಯುವ ಗುಂಪು) ಆಡಿದ್ದವರು. ಈಗಲ್ಸ್‌ನ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಬಾನ್‌ರನ್ನು ಮಧ್ಯದ ಲೈನ್‌ಬ್ಯಾಕರ್ (ಡಿಫೆನ್ಸ್‌ನ ನಡುವೆ ನಿಲ್ಲುವ ಆಟಗಾರ) ಮಾಡಿದರು. ಅದೇ ಸೀಸನ್‌ನಲ್ಲಿ ಬಾನ್ ಆಲ್-ಪ್ರೊ (ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ) ಆದರು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಎಸೆದ ಪಾಸ್ ಕಿತ್ತುಕೊಂಡರು. ಆಮೇಲೆ ಇದೇ ರೋಸ್‌ಮನ್ ಬಾನ್‌ಗೆ ಮೂರು ವರ್ಷಕ್ಕೆ 5.1 ಕೋಟಿ ಡಾಲರ್ ಕೊಟ್ಟರು. ಜಿಪುಣ ಹೀಗೆ ಮಾಡ್ತಾರಾ?

ಎಲ್ಲ ಲೆಕ್ಕವೂ ಸರಿಹೋಗಲ್ಲ, ನಿಜ. ಅದೇ ವರ್ಷ ಬಂದ ಇನ್ನೊಬ್ಬ ಲೈನ್‌ಬ್ಯಾಕರ್ ಡೆವಿನ್ ವೈಟ್ ಒಂದು ಪಂದ್ಯವನ್ನೂ ಆಡದೆ ಹೊರಟರು. ಆದರೆ ಒಂದು ವರ್ಷದ ಸಣ್ಣ ಒಪ್ಪಂದ ಕೆಟ್ಟರೆ ಸ್ಯಾಲರಿ ಕ್ಯಾಪ್‌ಗೆ (ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) ದೊಡ್ಡ ಪೆಟ್ಟು ಬೀಳಲ್ಲ. ಹತ್ತು ಕೋಟಿ ಡಾಲರ್ ಒಪ್ಪಂದ ಕೆಟ್ಟರೆ ತಂಡ ವರ್ಷಗಟ್ಟಲೆ ಅನುಭವಿಸಬೇಕು.

ನಮ್ಮ ಡಿಫೆನ್ಸ್ ಆಟಗಾರ ಮಿಲ್ಟನ್ ವಿಲಿಯಮ್ಸ್ ಪೇಟ್ರಿಯಟ್ಸ್ ತಂಡಕ್ಕೆ ಹೋದಾಗ ನನಗೂ ಬೇಸರವಾಯಿತು. ಆದರೆ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್! ಅಷ್ಟು ಕೊಡದೇ ಇದ್ದದ್ದೇ ಸರಿ. ತಂಡ ಬಿಟ್ಟು ಹೋದ ಇನ್ನೊಬ್ಬ ಆಟಗಾರ ಮೆಖಾಯ್ ಬೆಕ್ಟನ್‌ನ ಮಾತ್ರ ಉಳಿಸಿಕೊಳ್ಳಬೇಕಿತ್ತು.