ಕಳಿಸಿದವರೇ ಕರೆಸಿಕೊಳ್ಳಬೇಕು

ದೂರದ ದೇಶದ ಯುದ್ಧ ಎಷ್ಟು ವರ್ಷ ಎಳೆಯುತ್ತದೆ ಅನ್ನೋದು ಬರೀ ರಣರಂಗದಲ್ಲಿ ತೀರ್ಮಾನ ಆಗುವುದಿಲ್ಲ. ಅದರ ಬಿಸಿ ಊರಲ್ಲಿ ಎಷ್ಟು ಮನೆಗೆ ತಟ್ಟುತ್ತದೆ ಅನ್ನೋದೂ ಅಷ್ಟೇ ಮುಖ್ಯ. ಪುಣೆಯ ಖಡ್ಕಿಗೆ ಬಂದು ನೆಲೆಸಿದ ಮೇಲೆ ಈ ಅನಿಸಿಕೆ ನನ್ನಲ್ಲಿ ಗಟ್ಟಿಯಾಗಿದೆ.

ನಾನು ಶಿರಸಿ ಕಡೆಯವನು. ನಮ್ಮೂರ ಕಟ್ಟೆ ಮೇಲೆ ಕೂತರೆ ಅಡಿಕೆ ದರ, ಯಕ್ಷಗಾನ, ಮಕ್ಕಳ ಬೆಂಗಳೂರು ನೌಕರಿ, ಇಷ್ಟೇ ಮಾತು. ಮಿಲಿಟರಿಗೆ ಹೋದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಖಡ್ಕಿಯಲ್ಲಿ ಹಾಗಲ್ಲ. ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನ ಕೇಂದ್ರ ಇಲ್ಲೇ ಇದೆ. ಬೆನ್ನುಮೂಳೆಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದ ಸೈನಿಕರ ಪುನರ್ವಸತಿ ಕೇಂದ್ರವೂ ಇಲ್ಲೇ. ಕೃತಕ ಕೈಕಾಲು ಜೋಡಿಸುವ ಸೇನೆಯ ಕೇಂದ್ರ ಪುಣೆಯಲ್ಲಿ 1944ರಿಂದ ನಡೆಯುತ್ತಿದೆ. ತರಕಾರಿ ತರಲು ಹೋದರೂ ಒಬ್ಬರಾದರೂ ನಿವೃತ್ತ ಹವಾಲ್ದಾರರು ಸಿಗುತ್ತಾರೆ. ಸಾತಾರಾ, ಕೊಲ್ಹಾಪುರ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಸೇನೆ ಸೇರಿದ್ದಾರೆ. ನಮ್ಮಲ್ಲೂ ಕೊಡಗು, ಬೆಳಗಾವಿ ಕಡೆಯವರಿಗೆ ಇದು ಹೊಸದಲ್ಲ, ನಮ್ಮ ಸೀಮೆಗೆ ಹೊಸದು.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅವತ್ತು ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಮೇಲೆ ಮೆಸೇಜ್. ‘ಅಮೆರಿಕ ಬಾಲ ಮುದುರಿಕೊಂಡು ಓಡ್ತು’ ಅಂತ ಭಾವ ಬರೆದರು. ‘ಇನ್ನೂ ಹತ್ತು ವರ್ಷ ಇರಬೇಕಿತ್ತು’ ಅಂತ ಚಿಕ್ಕಪ್ಪ. ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಕಾಕಾ ಸಿಕ್ಕರು. ಸ್ಯಾಪರ್ಸ್‌ನಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಶ್ರೀಲಂಕಾಕ್ಕೆ ಹೋಗಿ ಬಂದವರು. ಬಾಗಿಲ ಹಿಂದೆ ಈಗಲೂ ಅವರ ಕಪ್ಪು ತಗಡಿನ ಟ್ರಂಕು ಇದೆ. ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಅರ್ಧ ಅಳಿಸಿದೆ. ಪೇಪರು ಮಡಚಿಟ್ಟು ಅವರು ಕೇಳಿದ್ದು ಒಂದೇ: ‘ಸಗಳೇ ಆಲೇ ಕಾ?’ ಎಲ್ಲರೂ ಬಂದ್ರಾ ಅಂತ. ಯಾರು ಗೆದ್ದರು, ಯಾರು ಸೋತರು ಅನ್ನುವ ಮಾತನ್ನೇ ಅವರು ಎತ್ತಲಿಲ್ಲ.

ಎಲ್ಲರೂ ಬರಲಿಲ್ಲ. ಹತ್ತು ದಿನ ಕಳೆದು ಕಾಬೂಲ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಾಂಬ್ ಸಿಡಿದು 13 ಅಮೆರಿಕನ್ ಯೋಧರು ಸತ್ತರು. ಜೊತೆಗೆ ನೂರಕ್ಕೂ ಹೆಚ್ಚು ಅಫ್ಘಾನ್ ಜನ. ಆಗಸ್ಟ್ 30ರಂದು ಕೊನೆಯ ವಿಮಾನ ಹೊರಟಿತು.

2001ರಲ್ಲಿ ಶುರುವಾದ ಅಫ್ಘಾನಿಸ್ತಾನದ ಯುದ್ಧ ಇಪ್ಪತ್ತು ವರ್ಷ ಯಾಕೆ ಎಳೆಯಿತು? ಅಮೆರಿಕದ ಎರಡು ಯುದ್ಧಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವಿಯೆಟ್ನಾಂ ಕಾಲದಲ್ಲಿ ಕಡ್ಡಾಯ ಸೇನಾ ಭರ್ತಿ ಇತ್ತು. 1969ರಲ್ಲಿ ಹುಟ್ಟಿದ ದಿನಾಂಕದ ಚೀಟಿ ಎತ್ತಿ ಹುಡುಗರನ್ನು ಕರೆದರು. ಯಾರ ಮನೆ ಮಗನ ಸರದಿ ಬೇಕಾದರೂ ಬರಬಹುದಿತ್ತು. 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಯೋಧರು ಸತ್ತರು. 1968ರ ಹೊತ್ತಿಗೇ ಗ್ಯಾಲಪ್ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈ ಯುದ್ಧಕ್ಕೆ ಕೈ ಹಾಕಿದ್ದೇ ತಪ್ಪು ಅಂದಿದ್ದರು. ಬೀದಿಗಳು ತುಂಬಿದವು. 1973ರಲ್ಲಿ ಪಡೆಗಳು ವಾಪಸ್ ಬಂದವು, ಕಡ್ಡಾಯ ಭರ್ತಿಯೂ ನಿಂತಿತು.

ಅಫ್ಘಾನಿಸ್ತಾನಕ್ಕೆ ಹೋದವರು ತಾವಾಗಿ ಸೇನೆ ಸೇರಿದವರು. ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಆಗುವುದಿಲ್ಲ. ಯುದ್ಧಕ್ಕೆ ಅಂತ ಹೊಸ ತೆರಿಗೆ ಹಾಕಲಿಲ್ಲ. ಸಾಲ ಮಾಡಿ ನಡೆಸಿದರು, ಯುದ್ಧ ನಡೆಯುತ್ತಿರುವಾಗಲೇ 2003ರಲ್ಲಿ ತೆರಿಗೆ ಇಳಿಸಿದರು ಕೂಡ. 2001ರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸೈ ಅಂದಿದ್ದರು. ಆಮೇಲೆ ಬೆಂಬಲ ಇಳಿಯಿತು ನಿಜ, ಆದರೆ ಸಿಟ್ಟು ಏರಲಿಲ್ಲ. ಬೇಡ ಅನ್ನುವ ಜನ ಬೀದಿಗೆ ಬರಲಿಲ್ಲ, ಸುಮ್ನೆ ಮರೆತರು. 2,400ಕ್ಕೂ ಹೆಚ್ಚು ಯೋಧರು ಸತ್ತರು. ನನ್ನ ಪ್ರಕಾರ ಮರೆವೇ ಆ ಯುದ್ಧವನ್ನು ಅಷ್ಟು ವರ್ಷ ಎಳೆಯಿತು.

ನಾವೇನು ಕಡಿಮೆ ಅಲ್ಲ. 1987ರ ಜುಲೈ 29ರಂದು ಕೊಲಂಬೋದಲ್ಲಿ ಭಾರತಕ್ಕೂ ಶ್ರೀಲಂಕಾಕ್ಕೂ ಒಪ್ಪಂದ ಆಯಿತು. ಶಾಂತಿ ಕಾಯಲು ಅಂತ ನಮ್ಮ ಪಡೆ ಹೋಯಿತು. ಅಕ್ಟೋಬರ್‌ನಲ್ಲಿ, ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆಗೇ ಯುದ್ಧ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ ಉಳಿದದ್ದು ಒಬ್ಬ. ನವೆಂಬರ್ 25ರಂದು ಮಹಾರ್ ರೆಜಿಮೆಂಟಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಸತ್ತರು. ಮುಂಬಯಿಯಲ್ಲಿ ಹುಟ್ಟಿದವರು. ಆ ಕಾರ್ಯಾಚರಣೆಗೆ ಸಿಕ್ಕ ಏಕೈಕ ಪರಮವೀರ ಚಕ್ರ ಅವರದ್ದು. ಸುಮಾರು 1,200 ಸೈನಿಕರು ಅಲ್ಲಿ ಪ್ರಾಣ ಕೊಟ್ಟರು. ನಮ್ಮೂರಲ್ಲಿ ಇವತ್ತು ಯಾರನ್ನಾದರೂ ಕೇಳಿ, ಈ ಲೆಕ್ಕ ಗೊತ್ತಿರುವವರು ಸಿಗುವುದು ಕಷ್ಟ. ಕಾರ್ಗಿಲ್ ಎಲ್ಲರಿಗೂ ನೆನಪಿದೆ. ಅದು ನಮ್ಮ ನೆಲ, ನಮ್ಮ ಗುಡ್ಡ. ಜಾಫ್ನಾ ಯಾರಿಗೂ ಬೇಡ.

1990ರ ಮಾರ್ಚ್ 24ರಂದು ಕೊನೆಯ ತಂಡ ಟ್ರಿಂಕೋಮಲಿ ಬಿಟ್ಟಿತು. ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಅವರೇ ಹೊರಡಿ ಅಂದಿದ್ದರು. ಇಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂದಿತ್ತು. ಮದ್ರಾಸಿನಲ್ಲಿ ಹಡಗು ಇಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಈ ಪಡೆ ತಮಿಳರ ಮೇಲೆ ಗುಂಡು ಹಾರಿಸಿದೆ ಅನ್ನೋದು ಅವರ ಸಿಟ್ಟು. ಆ ಸಿಟ್ಟಿಗೆ ಕಾರಣ ಇತ್ತು, ಅಲ್ಲಿನ ಸಾಮಾನ್ಯ ಜನ ಅನುಭವಿಸಿದ್ದು ಸಣ್ಣದಲ್ಲ. ಆದರೆ ಪಡೆಯನ್ನು ಕಳಿಸಿದ್ದು ದೆಹಲಿಯ ಸರ್ಕಾರ. ಜವಾನ ತಾನಾಗಿ ಹೋದವನಲ್ಲ. ತಪ್ಪಿನ ಹೊರೆಯನ್ನು ಅವನ ತಲೆ ಮೇಲೆ ಹಾಕಿದ್ದು ನನಗೆ ಇವತ್ತಿಗೂ ಒಪ್ಪಿಗೆ ಆಗುವುದಿಲ್ಲ.

ವಾಪಸ್ ಕರೆಸುವ ಮಾತು ಬಂದಾಗೆಲ್ಲ ಒಂದು ವಾದ ಎದ್ದು ನಿಲ್ಲುತ್ತದೆ. ಈಗ ಬಂದರೆ ಸತ್ತವರ ಬಲಿದಾನ ವ್ಯರ್ಥ ಆಗುತ್ತದೆ ಅನ್ನೋದು. ನಮ್ಮೂರ ಕಡೆ ಈ ಮಾತು ಸಲೀಸಾಗಿ ಬರುತ್ತದೆ. ಖಡ್ಕಿಯಲ್ಲಿ ನಾನು ಅದನ್ನು ಕೇಳಿದ್ದು ಕಡಿಮೆ. ಒಮ್ಮೆ ನಾನೇ ಕಾಕಾ ಮುಂದೆ ಇದನ್ನು ಇಟ್ಟೆ. ‘ಹೋದವನ ಹೆಸರು ಹೇಳಿ ಇನ್ನೊಬ್ಬನನ್ನು ಕಳಿಸಬೇಡಿ’ ಅಂದರು. ಅಷ್ಟು ಹೇಳಿ ಟೊಮೆಟೊ ಗಿಡಕ್ಕೆ ನೀರು ಹಾಕಲು ಎದ್ದು ಹೋದರು.

ಆದರೆ ಬಿಟ್ಟು ಬರುವುದೂ ಒಂದು ಜವಾಬ್ದಾರಿಯೇ. ಪುಣೆಯ ಕಾಲೇಜುಗಳಲ್ಲಿ ಓದಲು ಬಂದಿದ್ದ ಅಫ್ಘಾನ್ ಹುಡುಗ ಹುಡುಗಿಯರು ಆಗ ತುಂಬಾ ಜನ ಇದ್ದರು. ಆ ಆಗಸ್ಟ್‌ನಲ್ಲಿ ಅವರ ಮುಖ ನೋಡಲು ಆಗುತ್ತಿರಲಿಲ್ಲ. ವೀಸಾ ಮುಗಿದರೆ ಎಲ್ಲಿಗೆ ಹೋಗೋದು, ಮನೆಯಿಂದ ದುಡ್ಡು ಬರದಿದ್ದರೆ ಹೇಗೆ, ತಂಗಿಯ ಓದು ನಿಂತರೆ ಏನು. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದ ದುಭಾಷಿ, ಡ್ರೈವರ್, ಟೀಚರ್ ಇವರನ್ನೆಲ್ಲ ಹಾಗೇ ಬಿಟ್ಟು ವಿಮಾನ ಹತ್ತಿದ್ದು ಅನ್ಯಾಯ. ಹೊರಡುವ ತೀರ್ಮಾನ ಸರಿ, ಹೊರಟ ರೀತಿ ಸರಿಯಲ್ಲ. ಎರಡನ್ನೂ ಒಂದೇ ಮಾಡಿ ಬೈಯೋದು ಬೇಡ.

ಚೆನ್ನಾಗಿ ಮುಗಿಸಿದ ಕೆಲಸಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಳ್ಳುವ ಆಯೋಗಕ್ಕೆ ಮಡಿಕೇರಿಯ ಜನರಲ್ ತಿಮ್ಮಯ್ಯ ಅಧ್ಯಕ್ಷರಾದರು. ಕೈದಿಗಳನ್ನು ಕಾಯಲು ನಮ್ಮ ಪಡೆಯೂ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷರು ತಮ್ಮ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಹಾಗಾಗಿ ಹೆಲಿಕಾಪ್ಟರಿನಲ್ಲಿ ನೇರ ಗಡಿ ಪಟ್ಟಿಗೆ ಇಳಿಸಿದರು. ಎರಡೂ ಕಡೆಯವರು ಬೈದರು. ಆದರೂ ಏನು ಮಾಡಬೇಕು, ಯಾವಾಗ ಮುಗಿಸಬೇಕು ಅನ್ನೋದು ಮೊದಲೇ ಕಾಗದದ ಮೇಲಿತ್ತು. 1954ರ ಜನವರಿಯಲ್ಲಿ ಕೈದಿಗಳನ್ನು ಬಿಟ್ಟರು, ಅದರ ಬೆನ್ನಿಗೇ ಪಡೆ ಊರಿಗೆ ಬಂತು.

ಜರ್ಮನಿಯವರು ಇದನ್ನೇ ಕಾನೂನು ಮಾಡಿಕೊಂಡಿದ್ದಾರೆ. ಅಲ್ಲಿ ಹೊರದೇಶದ ಯುದ್ಧಕ್ಕೆ ಪಡೆ ಕಳಿಸಲು ಸಂಸತ್ತು ಮತ ಹಾಕಲೇಬೇಕು. ಆ ಒಪ್ಪಿಗೆಗೆ ಸಾಮಾನ್ಯವಾಗಿ ಒಂದು ವರ್ಷದ ಅವಧಿ. ಮುಗಿದ ಮೇಲೆ ಸರ್ಕಾರ ಮತ್ತೆ ಬಂದು ಕೇಳಬೇಕು, ಉತ್ತರ ಕೊಡಬೇಕು. ನೆದರ್‌ಲ್ಯಾಂಡ್ಸ್‌ನಲ್ಲಂತೂ ಅಫ್ಘಾನಿಸ್ತಾನದ ಪಡೆಯನ್ನು ಮುಂದುವರಿಸುವ ಜಗಳದಲ್ಲಿ 2010ರ ಫೆಬ್ರವರಿಯಲ್ಲಿ ಸರ್ಕಾರವೇ ಬಿತ್ತು. ಇಷ್ಟಾದರೂ ಜರ್ಮನಿಯ ಕೊನೆಯ ತಂಡ 2021ರ ಜೂನ್ ಕೊನೆಗೆ ವುನ್‌ಸ್ಟೋರ್ಫ್‌ನಲ್ಲಿ ಇಳಿದಾಗ ಎದುರುಗೊಳ್ಳಲು ಒಬ್ಬ ಮಂತ್ರಿಯೂ ಇರಲಿಲ್ಲ. ಜನ ಉಗಿದ ಮೇಲೆ ಅಕ್ಟೋಬರ್‌ನಲ್ಲಿ ಸಂಸತ್ ಭವನದ ಮುಂದೆ ಗೌರವ ಸಲ್ಲಿಸಿದರು. ಮದ್ರಾಸಿನ ಕಥೆ ನೆನಪಾಗುತ್ತೆ, ಅಲ್ವಾ?

ನಮ್ಮ ಸಂವಿಧಾನದಲ್ಲಿ ಇಂಥ ಕಟ್ಟುಪಾಡು ಇಲ್ಲ. 2003ರಲ್ಲಿ ಇರಾಕಿಗೆ ಪಡೆ ಕಳಿಸಿ ಅಂತ ಅಮೆರಿಕ ಕೇಳಿತ್ತು. ವಿರೋಧ ಪಕ್ಷಗಳು ಬೇಡ ಅಂದವು, ಜನರೂ ಬೇಡ ಅಂದರು. ವಾಜಪೇಯಿ ಸರ್ಕಾರ ಜುಲೈ 14ರಂದು ಇಲ್ಲ ಅಂದಿತು. ಅವತ್ತು ಆ ತೀರ್ಮಾನ ಸರಿಯಾಗಿ ಬಂತು. ಮುಂದಿನ ಸಲ ಯಾರ ಸರ್ಕಾರ ಇರುತ್ತೋ, ಯಾರ ಒತ್ತಡ ಇರುತ್ತೋ ಹೇಳಲು ಬರುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಸಂಸತ್ತಿನಲ್ಲಿ ಮತ, ಹೋಗುವಾಗಲೇ ಬರುವ ಷರತ್ತು, ಜೊತೆಗೆ ದುಡಿದ ಅಲ್ಲಿನವರನ್ನು ಕರೆತರುವ ಏರ್ಪಾಡು, ಇಷ್ಟು ಕಾನೂನಿನಲ್ಲಿ ಬರಬೇಕು. ಇದನ್ನು ಖಡ್ಕಿಯವರು ಕೇಳಿದರೆ ಸಾಲದು. ಮಕ್ಕಳನ್ನು ಸೇನೆಗೆ ಕಳಿಸದ ನಮ್ಮ ಶಿರಸಿಯವರು ಮೊದಲು ಕೇಳಬೇಕು.